ದುರುಗವ್ವನ ಸೆರಗಿನ ಗಂಟು

ಇವತ್ತು ನಲ್ಲಿಯಲ್ಲಿ ನೀರು ಬರುವ ಮೊದಲೇ ಅಂಗಳ ಗುಡಿಸಿದೆ. ಹಂಡೆ ತುಂಬಿಸಿದೆ, ಕೊಡ ತುಂಬಿಸಿದೆ. ಜೋಳದ ಹಿಟ್ಟು ಸಾಣಿಸಿ ರೊಟ್ಟಿ ಬಡಿದೆ. ನಮ್ಮವರ ಅಂಗಿಗೆ ಗುಂಡಿ ಹಚ್ಚಿದೆ. ರೈಸ್ ಮಿಲ್ಲಿನ ಫಿಟ್ಟರನ ಅಂಗಿಯ ಗುಂಡಿ ಅಂಗಿಗಿಂತ ಮೊದಲೇ ನಿವೃತ್ತಿ ಪಡೆಯುತ್ತದೆ. ಉಪ್ಪಿನಕಾಯಿಯ ಭರಣಿಯನ್ನು ಬಿಸಿಲಿಗಿಟ್ಟೆ. ಬೆಕ್ಕು ಬಂತೆಂದು ಒಳಗೆ ತಂದೆ. ಬೆಕ್ಕು ಉಪ್ಪಿನಕಾಯಿ ತಿನ್ನುವುದಿಲ್ಲವಲ್ಲ ಎಂದು ನೆನಪಾಗಿ ಮತ್ತೆ ಹೊರಗಿಟ್ಟೆ. ನುಚ್ಚು ಕೇರಿದೆ. ಪುಂಡಿಪಲ್ಯೆಯ ಸೊಪ್ಪು ಸೋಸಿದೆ. ಮಧ್ಯಾಹ್ನ ಇಳಿದ ಮೇಲೆ ತಲೆಗೆ ನೀರು ಹಾಕಿಕೊಂಡು, ಬೆಳಗಿನಿಂದ ಉಟ್ಟಿದ್ದ ಸೀರೆಯನ್ನು ಬಚ್ಚಲಿನ ಬಕೇಟಿನಲ್ಲಿ ಸೋಪಿನ ನೀರಿಗೆ ಹಾಕಿ ಚೆನ್ನಾಗಿ ತುಳಿದೆ.

ಆಮೇಲೆ ಸೀರೆ ಎತ್ತಿ ಕಲ್ಲಿಗೆ ಕುಕ್ಕಬೇಕು ಎನ್ನುವಾಗ ಸೆರಗಿನ ತುದಿಯಲ್ಲಿ ಏನೋ ಗಟ್ಟಿಯಾದದ್ದು ಕೈಗೆ ಸಿಕ್ಕಿತು. ಗಂಟು.

ಯಾರು ಕಟ್ಟಿದ ಗಂಟೆಂದು ನೆನಪಾದ ಕೂಡಲೇ ನನ್ನ ಕಿವಿ ಬಿಸಿಯಾದವು. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಹಿತ್ತಲ ಬಾಗಿಲಿಗೆ ದುರುಗವ್ವ ಬಂದಿದ್ದಳು. ನಿನ್ನೆ ಹುಲಗಿಯ ಗುಡಿಗೆ ಹೋಗಿದ್ದಳಂತೆ, ಅಮ್ಮನ ಪ್ರಸಾದ ತಂದಿದ್ದಳು. ನಾನು ಎರಡೂ ಹಿಟ್ಟಿನ ಕೈ ತೋರಿಸಿದೆ. “ಇರ್ರಿ ಅಕ್ಕಾರ, ಏಳಬ್ಯಾಡ್ರಿ” ಎಂದವಳು ಹೊಸ್ತಿಲ ಆಚೆಯೇ ಕೂತು, ಒಳಗೆ ಬಾಗಿ, ನನ್ನ ಸೆರಗಿನ ತುದಿ ಎಳೆದುಕೊಂಡು ಕೊಬ್ಬರಿ ಚೂರು, ಸಕ್ಕರೆ ಇಟ್ಟು ಗಂಟು ಹಾಕಿದಳು. “ಮರೀಬ್ಯಾಡ್ರಿ ಮತ್ತ” ಎಂದಳು. ನಾನು “ಮರೀತೀನೇನು?” ಎಂದೆ. ಮರೆತೆ. ಮರೆತದ್ದಷ್ಟೇ ಅಲ್ಲ, ಸೋಪಿನ ನೀರಿನಲ್ಲಿ ಕಾಲಿನಿಂದ ತುಳಿದೆ.

ನಿಮಗೆ ಇದು ಸಣ್ಣ ಮಾತೆನಿಸಬಹುದು. ಕೊಬ್ಬರಿ ಒದ್ದೆಯಾದರೆ ಏನಾಯಿತು ಎನ್ನಬಹುದು. ಆದರೆ ದುರುಗವ್ವನಿಗೂ ನನಗೂ ನಡುವೆ ತೊಳೆದ ಸೆರಗಿನ ಕತೆ ಒಂದಿದೆ. ಅದನ್ನು ಹೇಳದೆ ಈ ಬಕೇಟಿನ ಮುಂದಿನಿಂದ ಎದ್ದೇಳಲು ನನಗಾಗುವುದಿಲ್ಲ.

ಮೊದಲು ಸೆರಗಿನ ಮಾತು. ದುರುಗವ್ವನ ಸೆರಗು ಎಂದರೆ ಅವಳ ಕಪಾಟು. ಮಿಲ್ಲಿನಲ್ಲಿ ಅಕ್ಕಿ ಕೇರುವ ಕೆಲಸ ಅವಳದು. ಹೊಟ್ಟಿನ ಧೂಳು ಬಿದ್ದರೆ ಅದೇ ಸೆರಗು ಮೂಗಿಗೆ ಬರುತ್ತಿತ್ತು, ಬಿಸಿಲಿಗೆ ತಲೆಯ ಮೇಲೆ, ಹೊತ್ತುಕೊಳ್ಳುವಾಗ ಸಿಂಬೆಯಾಗಿ. ತುದಿಯ ಗಂಟುಗಳಲ್ಲಿ ಅಡಕೆ, ಪೆಟ್ಟಿಗೆಯ ಕೀಲಿ, ಮತ್ತು ಯಾವಾಗಲೂ ಯಾವುದಾದರೊಂದು ದೇವರು. ದೇವರೆಂದರೆ ಪ್ರಸಾದ. ಅವಳ ಅತ್ತೆ ಹುಲಿಗೆವ್ವ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಳು. ಮೈಯೆಲ್ಲ ಸುಮ್ಮನಾದರೂ ಬಾಯಿ ಮಾತ್ರ ಸುಮ್ಮನಾಗಿರಲಿಲ್ಲ. “ನಾನು ಹೋಗಾಕಾಗಂಗಿಲ್ಲ, ನೀ ಹೋಗಿ ತಾ” ಎಂದು ಸೊಸೆಯನ್ನು ಊರಿನ ಎಲ್ಲ ದೇವರ ಬಾಗಿಲಿಗೆ ಅಟ್ಟುತ್ತಿದ್ದಳು. ಮಠದ ಬೂದಿ, ದರ್ಗಾದ ಸಕ್ಕರೆ, ಹನುಮಪ್ಪನ ಗುಡಿಯ ತೆಂಗಿನ ಹೋಳು ಎಲ್ಲವೂ ಆ ಸೆರಗಿನಲ್ಲೇ ಪ್ರಯಾಣ ಮಾಡಿ ಮುದುಕಿಯ ಬಾಯಿ ಸೇರುತ್ತಿದ್ದವು.

ನನ್ನ ಸೆರಗಿನ ಕತೆ ಬೇರೆ. ನಾನು ಬಳ್ಳಾರಿಯಿಂದ ಮದುವೆಯಾಗಿ ಗಂಗಾವತಿಗೆ ಬಂದವಳು. ಎಪ್ಪತ್ತರ ದಶಕದಲ್ಲಿ ಪ್ಯಾಟಿಯ ಹೆಂಗಸು ಎನ್ನಿಸಿಕೊಳ್ಳಬೇಕಾದರೆ ನೈಲಾನ್ ಸೀರೆ ಬೇಕು, ಅದರ ಸೆರಗಿಗೆ ಹೆಗಲ ಮೇಲೆ ಪಿನ್ನು ಬೇಕು. ಪಿನ್ನು ಹಾಕಿದ ಸೆರಗು ಬೆನ್ನ ಹಿಂದೆ ಚಂದ ಇಳಿಬೀಳುತ್ತದೆ. ಅದರಿಂದ ಮೂಗು ಒರೆಸಲಾಗದು, ತಲೆಗೆ ಹೊದೆಯಲಾಗದು, ಏನನ್ನೂ ಕಟ್ಟಲಾಗದು. ಅದರ ಪ್ರಯೋಜನ ಅಷ್ಟೇ, ಇಳಿಬೀಳುವುದು. ಭಾನುವಾರ ಪೂಜೆಗೆ ಹೋಗುವಾಗ ನಾನು ತಪ್ಪದೆ ಆ ಸೀರೆ ಉಡುತ್ತಿದ್ದೆ.

ಪೂಜೆ ಎಂದರೆ ನಮ್ಮ ಕ್ರೈಸ್ತರ ಬಲಿಪೂಜೆ. ನಮಗೆ ಆಗ ಚರ್ಚು ಎಂಬ ಕಟ್ಟಡ ಇರಲಿಲ್ಲ. ಮಿಲ್ಲಿನ ಹಿಂದಿನ ಖಾಲಿ ಗೋದಾಮನ್ನು ಸಾವಕಾರರು ತಿಂಗಳಿಗೊಂದು ಭಾನುವಾರ ಬಿಟ್ಟುಕೊಡುತ್ತಿದ್ದರು. ಕುದಿಸಿದ ಭತ್ತದ ವಾಸನೆ ಗೋಡೆಗೆಲ್ಲ ಹಿಡಿದಿತ್ತು. ಸಾಂಬ್ರಾಣಿ ಎಷ್ಟು ಹಾಕಿದರೂ ಭತ್ತವೇ ಗೆಲ್ಲುತ್ತಿತ್ತು. ಕೆನಾಲಿನ ಬದಿಯ ವಲಸಿಗರ ಕ್ಯಾಂಪುಗಳಿಂದ ತೆಲುಗಿನವರು ಬರುತ್ತಿದ್ದರು, ಡ್ಯಾಮು ಕಟ್ಟಲು ಬಂದು ಇಲ್ಲೇ ಉಳಿದ ತಮಿಳರು, ನಮ್ಮಂಥ ನಾಲ್ಕು ಕನ್ನಡದ ಮನೆಗಳು. ಹಾಡು ತೆಲುಗಿನಲ್ಲಿ ಏರಿದರೆ ತಮಿಳಿನಲ್ಲಿ ಇಳಿಯುತ್ತಿತ್ತು. ನಡುವೆ ಯಾರಾದರೂ ತೌಡಿನ ಧೂಳಿಗೆ ಸೀನಿದರೆ ಆ ಸೀನು ಮಾತ್ರ ಎಲ್ಲರಿಗೂ ತಿಳಿಯುವ ಭಾಷೆಯಲ್ಲಿರುತ್ತಿತ್ತು.

ಫಾದರ್ ಹೊಸಪೇಟೆ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ವಯಸ್ಸಾದವರು. ಬಸ್ಸು ತಡವಾದಷ್ಟೂ ನಮ್ಮ ಹೊಟ್ಟೆ ತಾಳ ಹಾಕುತ್ತಿತ್ತು. ಫಾದರ್ ನಾಲಿಗೆಯ ಮೇಲಿಡುವ ಗೋದಿಹಿಟ್ಟಿನ ಬಿಲ್ಲೆ, ಪರಮಪ್ರಸಾದ, ಸ್ವೀಕರಿಸುವ ಮೊದಲು ಉಪವಾಸ ಇರಬೇಕಲ್ಲ. ಚಿಕ್ಕಂದಿನಲ್ಲಿ ನಮಗೆ ಹೇಳಿಕೊಟ್ಟಿದ್ದು ಇಷ್ಟು: ಅದು ದೇವರ ಶರೀರ, ನಮ್ಮ ಧರ್ಮದವರಿಗೆ ಮಾತ್ರ, ಅಲ್ಲೇ ನುಂಗಬೇಕು, ಹಲ್ಲು ತಾಗಿಸಬಾರದು, ಒಂದು ಕಣವೂ ನೆಲಕ್ಕೆ ಬೀಳಬಾರದು. ಆ ತೆಳ್ಳನೆಯ ಬಿಳಿ ಬಿಲ್ಲೆ ಅಂಗುಳಿಗೆ ಅಂಟಿಕೊಂಡರೆ ನಾಲಿಗೆಯಿಂದ ಬಿಡಿಸುತ್ತ, ಹಲ್ಲು ತಾಗೀತೆಂದು ಬಾಯಿ ಅರೆ ತೆರೆದುಕೊಂಡು, ಕೆರೆಯ ಮೀನಿನಂತೆ ಕೂತಿರುತ್ತಿದ್ದೆ ನಾನು. ಹೇಗೆ ನುಂಗಬೇಕು ಎಂಬುದನ್ನು ಅಷ್ಟು ಚೆನ್ನಾಗಿ ಕಲಿತವಳು, ಯಾಕೆ ಹಂಚುತ್ತಾರೆ ಎಂಬುದನ್ನು ಯಾರನ್ನೂ ಕೇಳಿರಲಿಲ್ಲ.

ಒಂದು ಶನಿವಾರ ದುರುಗವ್ವ ನಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು ಚಹಾ ಕುಡಿಯುತ್ತ ನಕ್ಕಳು. ಆಗ ಅವಳು ಒಳಗೇ ಬಂದು ಕೂರುತ್ತಿದ್ದಳು. “ನಮ್ಮತ್ತಿ ಏನಂತಾಳ ಗೊತ್ತೇನ್ರಿ? ಎಲ್ಲಾ ದೇವರದು ಬಾಯಿಗೆ ಬಿದ್ದೈತಿ, ಆ ಗೋದಾಮಿನ ದೇವರದೊಂದು ಉಳದೈತಿ ಅಂತಾಳ್ರಿ. ನಾಳಿ ನಾನೂ ಬರ್ಲೇನ್ರಿ?”

“ಬಾ, ಅದಕ್ಕೇನು” ಎಂದೆ. ಪೂಜೆ ಮುಗಿದ ಮೇಲೆ ಹೊರಗೆ ಮಕ್ಕಳಿಗೆಲ್ಲ ಪೇಪರಮೆಂಟು ಹಂಚುವ ರೂಢಿಯಿತ್ತು. ಅದನ್ನೇ ಎರಡು ಅತ್ತೆಗೆ ಕೊಟ್ಟರಾಯಿತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ. ನನ್ನ ಲೆಕ್ಕ ನನ್ನ ಮನಸ್ಸಿನಲ್ಲೇ ಉಳಿಯಿತು.

ಮರುದಿನ ಅವಳು ಒಗೆದ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು, ನನ್ನ ಪಕ್ಕ ಚಾಪೆಯ ಮೇಲೆ ಕೂತಳು. ನಾವು ಎದ್ದರೆ ಎದ್ದಳು, ಮೊಣಕಾಲೂರಿದರೆ ಊರಿದಳು. ಪರಮಪ್ರಸಾದದ ಹೊತ್ತಿಗೆ ನಾನು ಸಾಲಿಗೆ ಹೋಗಿ ಸ್ವೀಕರಿಸಿ ಬಂದು ಕಣ್ಣು ಮುಚ್ಚಿ ಕೂತೆ. ಭಕ್ತಿ ಎನ್ನುವುದು ಎಷ್ಟೋ ಸಲ ಪಕ್ಕದವರನ್ನು ನೋಡದಿರಲು ಒಳ್ಳೆಯ ಉಪಾಯ. ನನ್ನ ಹಿಂದೆಯೇ ಅವಳೂ ಸಾಲಿನಲ್ಲಿ ಬಂದದ್ದು, ಎಲ್ಲರಂತೆ ಬಾಯಿ ತೆರೆದದ್ದು, ಯಾವುದೋ ಕ್ಯಾಂಪಿನವಳಿರಬೇಕೆಂದು ಫಾದರ್ ಅವಳ ನಾಲಿಗೆಯ ಮೇಲೆ ಬಿಲ್ಲೆ ಇಟ್ಟದ್ದು, ಅವಳು ತಿರುಗಿ ಬರುತ್ತ ಅದನ್ನು ಬಾಯಿಂದ ತೆಗೆದು ಸೆರಗಿಗೆ ಕಟ್ಟಿಕೊಂಡದ್ದು, ಇದಾವುದನ್ನೂ ನಾನು ಕಾಣಲಿಲ್ಲ.

ಕಂಡವನು ಉಪದೇಶಿ ಚೌರಪ್ಪ. ಜಪ ಹೇಳಿಕೊಡುವುದು, ಮಕ್ಕಳ ಕಿವಿ ಹಿಂಡುವುದು, ಫಾದರನ್ನು ಬಸ್ಸಿಗೆ ಹತ್ತಿಸುವುದು ಅವನ ಕೆಲಸ. ಕೆಟ್ಟವನಲ್ಲ, ಹೆದರಿದವನು. ದೇವರಿಗೆ ಏನಾದರೂ ಅಪಮಾನವಾದರೆ ಲೆಕ್ಕ ತನ್ನನ್ನೇ ಕೇಳುತ್ತಾರೆ ಎಂದು ನಂಬಿದ್ದವನು. ಪೂಜೆ ಮುಗಿಯುತ್ತಲೇ ಗೋದಾಮಿನ ಬಾಗಿಲಿಗೆ ಅಡ್ಡ ನಿಂತ.

“ಏ ಯವ್ವಾ, ನಿಂದ್ರು. ಬಾಯಾಗ ಕೊಟ್ಟದ್ದು ಏನ್ ಮಾಡಿದಿ?”

“ಗಂಟ ಕಟ್ಟೇನ್ರಿ” ಎಂದಳು ದುರುಗವ್ವ. ಮುಚ್ಚಿಡುವಂಥದ್ದೇನೂ ಅವಳಿಗೆ ಗೊತ್ತಿರಲಿಲ್ಲ.

“ಗಂಟ ಕಟ್ಟಿದಿ! ಯಾತಕ್ಕ?”

“ನಮ್ಮತ್ತಿಗ್ರಿ. ಮನ್ಯಾಗ ಮಲಗ್ಯಾಳ, ಎದ್ದು ಬರಾಕ ಆಗಂಗಿಲ್ಲ. ನಾ ಒಬ್ಬಾಕಿನ ನುಂಗಿ ಹೋದ್ರ ಹೆಂಗ್ರಿ?”

“ಬಿಚ್ಚು, ಬಿಚ್ಚು” ಎಂದ ಚೌರಪ್ಪ. ಹೊರಟಿದ್ದ ಜನ ತಿರುಗಿ ಬಂದರು. ಅವಳು ಬಿಚ್ಚಿದಳು. ಒಂದು ಅಡಕೆಯ ಹೋಳು, ಕೀಲಿ, ಅವುಗಳ ನಡುವೆ ಒದ್ದೆಯಾಗಿ ಬಟ್ಟೆಗೆ ಅಂಟಿಕೊಂಡ ಬಿಳಿ ಬಿಲ್ಲೆ.

ಅಷ್ಟರಲ್ಲಿ ಫಾದರ್ ಬಂದರು. ಗದರಿಸಲಿಲ್ಲ. ಅಂಟಿದ್ದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ತಾವೇ ತಿಂದರು. ಬಟ್ಟೆಯಲ್ಲಿ ಚೂರು ಉಳಿದಿತ್ತು. ಅಂಥಾಗ ಆ ಬಟ್ಟೆಯನ್ನು ತೊಳೆದು, ಆ ನೀರನ್ನು ಯಾರೂ ತುಳಿಯದ ಕಡೆ ಮಣ್ಣಿಗೆ ಸುರಿಯಬೇಕೆಂಬುದು ನಮ್ಮ ನಿಯಮ. ಬೋಗುಣಿ ತರಿಸಿದರು. ಸೆರಗಿನ ತುದಿ ಹಿಡಿದು ತೊಳೆಯತೊಡಗಿದರು. ಸೆರಗು ಉಟ್ಟ ಸೀರೆಯದು. ತುದಿ ಬೋಗುಣಿಗೆ ಹೋಗುತ್ತಿದ್ದಂತೆ ತಲೆಯ ಮೇಲಿನದು ಜಾರಿತು, ಹೆಗಲ ಮೇಲಿನದೂ ಜಾರಿತು. ಅಷ್ಟು ಗಂಡಸರ ಮುಂದೆ ದುರುಗವ್ವ ಬರಿದಲೆಯಲ್ಲಿ ನಿಂತಳು. ಎರಡೂ ಕೈಯಿಂದ ಎದೆ ಮುಚ್ಚಿಕೊಂಡು, “ಬ್ಯಾಡ್ರಿ ಯಪ್ಪಾ, ನಿಮ್ಮ ಕೈಲೆ ಬ್ಯಾಡ್ರಿ, ನಾ ಮನ್ಯಾಗ ತೊಳಕೊಂತೀನ್ರಿ” ಎನ್ನುತ್ತಿದ್ದಳು.

ನಾನು ಓಡಿದೆ. ನನ್ನ ಸೆರಗನ್ನು ಅವಳ ತಲೆಗೆ ಹೊದಿಸಬೇಕೆಂದು ಎಳೆದೆ. ಬರಲಿಲ್ಲ. ಹೆಗಲಿಗೆ ಪಿನ್ನು! ಅವಸರದಲ್ಲಿ ಪಿನ್ನು ಬಿಚ್ಚಲು ಹೋದರೆ ಅದು ರವಿಕೆಗೂ ಸೀರೆಗೂ ಸೇರಿ ಕಚ್ಚಿಕೊಂಡಿತು. ಕತ್ತು ಸೊಟ್ಟ ಮಾಡಿಕೊಂಡು, ಬೆರಳು ಚುಚ್ಚಿಸಿಕೊಂಡು, ಒಂದೇ ಕಾಲಿನ ಮೇಲೆ ಕುಣಿಯುವ ಕೋಳಿಯಂತೆ ಒದ್ದಾಡಿ, ಕೊನೆಗೆ ಪರ್ರನೆ ಹರಿದು ಸೆರಗು ಬಿಡಿಸಿಕೊಳ್ಳುವಷ್ಟರಲ್ಲಿ ತೊಳೆಯುವುದು ಮುಗಿದಿತ್ತು. ಅವಳು ಒದ್ದೆ ಸೆರಗು ತಲೆಗೆ ಎಳೆದುಕೊಂಡಾಗಿತ್ತು. ಫಾದರ್ ಬೋಗುಣಿಯ ನೀರನ್ನು ಬೇವಿನ ಗಿಡದ ಬುಡಕ್ಕೆ ಸುರಿಯುತ್ತಿದ್ದರು. ಹರಿದ ನೈಲಾನನ್ನು ಹಿಡಿದುಕೊಂಡು ನಾನು ನಿಂತಿದ್ದೆ. ಅದನ್ನು ನೆನೆದರೆ ಈಗಲೂ ಹೆಗಲು ಚುರ್ರೆನ್ನುತ್ತದೆ.

ದಾರಿಯಲ್ಲಿ ನಾನು ಅವಳ ಹಿಂದೆಯೇ ಹೋದೆ. ಅವಳು ತಿರುಗಿ ನೋಡದೆಯೇ ಕೇಳಿದಳು.

“ನನ್ನ ಸೆರಗು ಹೊಲಸಂತ ತೊಳದ್ರೇನ್ರಿ?”

ಆಗ ನನಗೆ ಹೊಳೆಯಿತು. ಅವಳ ಕೇರಿಯವರು ಮುಟ್ಟಿದ್ದನ್ನು ತೊಳೆಯುವವರನ್ನು ಹುಟ್ಟಿದಂದಿನಿಂದ ನೋಡಿದವಳು ಅವಳು. ಹೋಟೆಲಿನಲ್ಲಿ ಅವಳ ಲೋಟ ಬೇರೆ, ಅದನ್ನು ಅವಳೇ ತೊಳೆದಿಡಬೇಕು. ಮುಟ್ಟಿದ ಮೇಲೆ ನೀರು ಬಂತೆಂದರೆ ಅದರ ಅರ್ಥ ಒಂದೇ ಎಂದು ಅವಳಿಗೆ ಈ ಲೋಕ ಕಲಿಸಿತ್ತು. ಗೋದಾಮಿನಲ್ಲಿ ಸುತ್ತ ನಿಂತವರಲ್ಲಿ ಅರ್ಧಕ್ಕರ್ಧ ಜನ ಅಂಥದೇ ಕೇರಿಗಳಿಂದ ಬಂದವರು. ಅವರಿಗೂ ಅದು ನೆನಪಾಗಲಿಲ್ಲ.

“ಇಲ್ಲ ದುರುಗಕ್ಕ, ಹೊಲಸಂತ ಅಲ್ಲ! ಅದು ದೇವರ ಮೈ. ಒಂದು ಚೂರೂ ಕೆಳಗೆ ಬೀಳಬಾರದು ಅಂತ ತೊಳದರು.”

ಅವಳು ನಿಂತಳು. “ದೇವರ ಮೈ ಸೆರಗಿಗೆ ಹತ್ತಿದ್ರ ಸೆರಗು ತೊಳೀಬೇಕು. ನಿಮ್ಮ ನಾಲಿಗಿಗೆ ಹತ್ತಿತ್ತಲ್ರಿ, ನೀವು ಬಾಯಿ ತೊಳಕೊಂಡ್ರೇನು?”

ಹತ್ತು ವರ್ಷ ಜ್ಞಾನೋಪದೇಶ ಕಲಿತ ನನ್ನ ನಾಲಿಗೆ ಮತ್ತೆ ಅಂಗುಳಿಗೆ ಅಂಟಿಕೊಂಡಿತು.

ಅವಳ ಗುಡಿಸಲಿನ ಬಾಗಿಲಲ್ಲಿ ಇಬ್ಬರೂ ನಿಂತೆವು. ಒಳಗಿನಿಂದ ಮುದುಕಿಯ ದನಿ ಬಂತು. “ಬಂದೇನ? ತಂದೇನ?”

ದುರುಗವ್ವ ಸೆರಗಿನ ತುದಿ ಕೈಯಲ್ಲಿ ಹಿಡಿದು ನೋಡಿದಳು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ನನ್ನ ಮುಖ ನೋಡಿದಳು. “ನೀವು ಹೇಳಿದ್ದು ಖರೇ ಏನ್ರಿ? ದೇವರು ಹತ್ತೇತಂತ ತೊಳದ್ರು?”

“ಖರೇ, ದುರುಗಕ್ಕ.”

“ಹಂಗಾರ ಇದರಾಗ ಒಂದೀಟರ ಉಳದಿರಬೇಕಲ್ಲ?”

ಇದಕ್ಕೆ ಶಾಸ್ತ್ರದ ಉತ್ತರ ಏನೋ ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. “ಉಳದಿರಬೇಕು” ಎಂದುಬಿಟ್ಟೆ. ಅವಳು ಒಳಗೆ ಹೋಗಿ ಅತ್ತೆಯ ತಲೆಯ ಬಳಿ ಕೂತಳು. “ತೀರ್ಥ ಐತಿ, ಬಾಯಿ ತಗೀರಿ” ಎಂದು ಸೆರಗಿನ ತುದಿಯನ್ನು ಆ ಒಣಗಿದ ತುಟಿಗಳ ಮೇಲೆ ಹಿಂಡಿದಳು. ಎರಡು ಮೂರು ಹನಿ. ಮುದುಕಿ ಕಣ್ಣು ಮುಚ್ಚಿ ನುಂಗಿ, ತುಟಿ ನೆಕ್ಕಿಕೊಂಡಳು.

“ಸಪ್ಪಗೈತಲ್ಲಬೇ. ಇವರ ದೇವರಿಗೆ ಸಕ್ರಿ ಹಾಕಂಗಿಲ್ಲೇನು?”

ದುರುಗವ್ವ ನಕ್ಕಳೋ ಅತ್ತಳೋ ಹಿಂದಿನಿಂದ ನನಗೆ ಕಾಣಲಿಲ್ಲ. ಅಂದು ನಾನು ಸಾಲಿನಲ್ಲಿ ನಿಂತು ಸ್ವೀಕರಿಸಿ ಬಂದಿದ್ದೆ. ಆದರೂ ಪರಮಪ್ರಸಾದವನ್ನು ಕೊಡುವುದು ಎಂದರೆ ಏನೆಂದು ನಾನು ನೋಡಿದ್ದು ಆ ಗುಡಿಸಲಿನಲ್ಲಿ. ಅದೂ ಹೊರಗೆ ನಿಂತು.

ಮುಂದಿನ ತಿಂಗಳು ಫಾದರ್ ಬಂದಾಗ ಇದನ್ನೆಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. “ಚೂರು ಬೀಳಬಾರದು ಅಂತ ಬೋಗುಣಿ ನೋಡ್ಕೋತ ನಿಂತೆ ಲೂರ್ದಮ್ಮಾ. ಆಕೀ ತಲಿ ಬರಿದಾದದ್ದು ನೋಡ್ಲಿಲ್ಲ” ಎಂದರು. ಅಂದು ಬಸ್ಸು ತಪ್ಪಿದರೂ ತಪ್ಪಲಿ ಎಂದು ಅವಳ ಗುಡಿಸಲಿಗೆ ಹೋದರು. ಒಂದು ಕಾಗದದ ಪೊಟ್ಟಣದಲ್ಲಿ ಸಕ್ಕರೆ ಒಯ್ದಿದ್ದರು. ಮುದುಕಿ ಅವರ ಗಡ್ಡ ನೋಡಿ ಯಾವ ಮಠದವರೆಂದು ಕೇಳಿದಳಂತೆ. “ಗೋದಾಮಿನ ಮಠ” ಎಂದರಂತೆ. ಅವರು ದುರುಗವ್ವನಿಗೆ ಕೈ ಮುಗಿದಾಗ ಅವಳೂ ಮುಗಿದಳು. ಚೌರಪ್ಪ ದೂರದಲ್ಲಿ ನಿಂತು ಟವೆಲಿನ ಅಂಚು ಬಿಚ್ಚುತ್ತ, ಸುತ್ತುತ್ತ ಇದ್ದ. ಮಳೆಗಾಲಕ್ಕೆ ಮೊದಲೇ ಹುಲಿಗೆವ್ವ ತೀರಿಕೊಂಡಳು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ದುರುಗವ್ವ ಮೊದಲಿನಂತೆಯೇ ಬರುತ್ತಿದ್ದಳು, ಮೊದಲಿನಂತೆಯೇ ಮಾತನಾಡುತ್ತಿದ್ದಳು. ಆದರೆ ಹೊಸ್ತಿಲು ದಾಟುತ್ತಿರಲಿಲ್ಲ. ಚಹಾ ಕೊಟ್ಟರೆ ಆಚೆಯೇ ಕೂತು ಕುಡಿದು, ಲೋಟ ತೊಳೆದು ಬೋರಲು ಹಾಕಿ ಹೋಗುತ್ತಿದ್ದಳು. ಆ ಬೋರಲು ಲೋಟ ನೋಡಿದಾಗಲೆಲ್ಲ ನನಗೆ ಯಾರೋ ಕೆನ್ನೆಗೆ ಕೊಟ್ಟಂತಾಗುತ್ತಿತ್ತು. ಒಮ್ಮೆ ತಡೆಯಲಾರದೆ ಕೇಳಿದೆ. “ಅಂದು ನಾನು ಹೇಳಿದ್ದು ನಿನಗೆ ತಿಳಿಯಲಿಲ್ಲೇನು ದುರುಗಕ್ಕ? ಹೊಲಸಂತ ಅಲ್ಲ ಅಂತ?”

“ದೇವರದು ತಿಳೀತ್ರಿ ಅಕ್ಕಾರ” ಎಂದಳು. “ಮಂದೀದು ತಿಳೀಲಿಲ್ಲ.”

ಅಂದಿನಿಂದ ಸೆರಗಿಗೆ ಪಿನ್ನು ಹಾಕುವುದನ್ನು ಬಿಟ್ಟೆ. ಈಗ ನಮ್ಮ ಜನಕ್ಕೆ ಚಿಕ್ಕದೊಂದು ಚರ್ಚಿದೆ, ಬೆಂಚುಗಳಿವೆ, ಭತ್ತದ ವಾಸನೆ ಇಲ್ಲ. ಪ್ರತಿ ಭಾನುವಾರ ನಾಲಿಗೆಯ ಮೇಲೆ ಆ ಬಿಲ್ಲೆ ಬಂದಾಗ, ಕಣ್ಣು ಮುಚ್ಚಿದರೆ ಬರಿದಲೆಯೊಂದು ಕಾಣುತ್ತದೆ. ಹಾಗಾಗಿ ಕಣ್ಣು ತೆರೆದೇ ಇರುತ್ತೇನೆ. ಭಕ್ತಿಯಿಲ್ಲದವಳು ಎಂದು ಹಿಂದಿನ ಬೆಂಚಿನವರು ಅಂದುಕೊಂಡರೆ ಅಂದುಕೊಳ್ಳಲಿ.

ಇಷ್ಟೆಲ್ಲ ನೆನೆಯುತ್ತ ಬಕೇಟಿನ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ. ಹಿತ್ತಲ ಬಾಗಿಲಿನಿಂದ ದನಿ ಬಂತು. “ಅಕ್ಕಾರ! ಪ್ರಸಾದ ತಿಂದ್ರೇನ್ರಿ?” ಮಿಲ್ಲು ಬಿಟ್ಟಿತ್ತು, ದುರುಗವ್ವ ಮನೆಗೆ ಹೊರಟಿದ್ದಳು.

ತಿಂದೆ ಎಂದುಬಿಡಬಹುದಿತ್ತು. ಆದರೆ ಅಡುಗೆಮನೆಯ ಆಚೆಗೆ ಬಚ್ಚಲಿನ ಬಾಗಿಲು ತೆರೆದೇ ಇತ್ತು. ಸೋಪಿನ ನೊರೆ ಮೆತ್ತಿದ ಸೆರಗಿನ ಗಂಟು ನನ್ನ ಕೈಯಲ್ಲೇ ಇತ್ತು.

“ಇಲ್ಲ ದುರುಗಕ್ಕ” ಎಂದೆ. “ಮರೆತೆ. ಸೆರಗಿನ ಜೋಡಿ ತೊಳದುಬಿಟ್ಟೆ.”

ಅವಳು ನನ್ನ ಕೈಯ ಗಂಟನ್ನೇ ನೋಡಿದಳು. ನನಗೆ ಭೂಮಿಯೊಳಗೆ ಇಳಿದುಹೋದರೆ ಸಾಕೆನಿಸಿತು. ಆಮೇಲೆ ಅವಳ ಹೊಟ್ಟೆ ಕುಲುಕಾಡತೊಡಗಿತು. ಹೊಸ್ತಿಲ ಚೌಕಟ್ಟು ಹಿಡಿದುಕೊಂಡು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

“ತೊಳದ್ರ ಏನಾತ್ರಿ? ಹಿಂಡಿಕೊಂಡು ಕುಡೀರಿ!”

ನಾನೂ ನಕ್ಕೆ, ಅಳುವೂ ಬಂತು, ಮೂಗು ಒರೆಸಿಕೊಳ್ಳಲು ಹೋಗಿ ಸೋಪು ಕಣ್ಣಿಗೆ ಹಚ್ಚಿಕೊಂಡೆ. “ಅಯ್ಯ, ಬಿಡ್ರಿ ಇಲ್ಲಿ, ಪೂರಾ ಕೆಡಸ್ತೀರಿ” ಎಂದು ಅವಳು ಬಡಬಡ ಒಳಗೆ ಬಂದಳು. ಹೊಸ್ತಿಲು ದಾಟಿ, ಒಲೆ ದಾಟಿ, ಬಚ್ಚಲಿಗೆ ಬಂದು ನನ್ನ ಕೈಯಿಂದ ಗಂಟು ಕಿತ್ತುಕೊಂಡಳು. ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಸಕ್ಕರೆ ಕರಗಿ ಹೋಗಿತ್ತು, ಕೊಬ್ಬರಿ ಇತ್ತು. ಎರಡು ಸಲ ತಂಬಿಗೆಯ ನೀರಿನಲ್ಲಿ ಜಾಲಿಸಿದಳು. ಒಳಗೆ ಬಂದದ್ದನ್ನು ಅವಳು ಗಮನಿಸಿದಳೋ ಇಲ್ಲವೋ. ನಾನು ಉಸಿರು ಬಿಗಿಹಿಡಿದು ಸುಮ್ಮನಿದ್ದೆ, ಅಂಗಳಕ್ಕೆ ಬಂದ ಹಕ್ಕಿಯ ಮುಂದೆ ಇರುವಂತೆ. ಬಕೇಟಿನ ನೀರನ್ನು ಮೋರಿಗೆ ಚೆಲ್ಲಲು ಮನಸ್ಸಾಗದೆ ಹಿತ್ತಲಿನ ಬೇಲಿಯ ಬುಡಕ್ಕೆ ಸುರಿದೆ. ಬೇಲಿಗೆ ಸೋಪು ಹಿತವೋ ಅಲ್ಲವೋ ಗೊತ್ತಿಲ್ಲ.

ಕತ್ತಲಾಗುವಾಗ ನಮ್ಮವರು ಬಂದರು. ದುರುಗವ್ವನೂ ಉಳಿದು ನಮ್ಮ ಜೋಡಿ ಊಟಕ್ಕೆ ಕೂತಳು: ಬೆಳಗಿನ ರೊಟ್ಟಿ, ಪುಂಡಿಪಲ್ಯೆ, ನುಚ್ಚಿನ ಅನ್ನ, ಮಜ್ಜಿಗೆ. ಕೊಬ್ಬರಿಯನ್ನು ಮೂರು ಪಾಲು ಮಾಡಿದೆವು. ನಮ್ಮವರು ಬಾಯಿಗೆ ಹಾಕಿಕೊಂಡು, “ಇದೇನಿದು, ಸೋಪಿನ ವಾಸನಿ?” ಎಂದರು. “ಪ್ರಸಾದ. ಸುಮ್ಮನ ತಿನ್ರಿ” ಎಂದೆವು ಇಬ್ಬರೂ ಒಟ್ಟಿಗೆ. ಪಾತ್ರೆ ಎತ್ತಿಡಲು ತಿರುಗಿದರೆ, ದುರುಗವ್ವ ಆಗಲೇ ನಿದ್ದೆ ಹೋಗಿದ್ದಳು. ಒಲೆಯ ಪಕ್ಕದ ತನ್ನ ಹಳೆಯ ಜಾಗದಲ್ಲಿ, ಗೋಡೆಗೆ ಒರಗಿ. ತಲೆಯ ಮೇಲಿನ ಸೆರಗು ಜಾರಿತ್ತು, ಎಳೆದು ಸರಿಮಾಡಿದೆ. ಅವಳ ಲೋಟ ತೊಳೆಯದೆ ಅಲ್ಲೇ ಇತ್ತು.